ಹಣ್ಣಿನಲ್ಲಿ ನಮ್ಮ ಪಾಲೆಷ್ಟು, ಕರುಳಿನ ಸೂಕ್ಷ್ಮಜೀವಿಗಳ ಪಾಲೆಷ್ಟು?

ಹಣ್ಣಿನಲ್ಲಿ ಜೀವಸತ್ವಗಳಿವೆ, ಆದುದರಿಂದ ಹಣ್ಣು ತಿನ್ನಬೇಕು ಎಂಬ ಪಾಠವನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಲ್ಲಿಯೇ ಓದಿದ್ದೇವೆ. ಆ ಮಾತು ಇಂದಿಗೂ ನಿಜವೇ. ಆದರೆ ನಾವು ತಿಂದ ಹಣ್ಣಿನ ಒಂದು ಭಾಗ ನಮಗೆ ಜೀರ್ಣವಾಗುವುದೇ ಇಲ್ಲ. ಅದನ್ನು ಉಣ್ಣುವವರು ಬೇರೆಯೇ ಇದ್ದಾರೆ ಎಂಬುದು ಹಳೆಯ ಪಠ್ಯಗಳಲ್ಲಿ ಇರಲಿಲ್ಲ.

ವಯಸ್ಕನೊಬ್ಬನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಪ್ರಕಟವಾದ ಲೆಕ್ಕಾಚಾರ ಹೇಳುತ್ತದೆ. ದೇಹದ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಸೂಕ್ಷ್ಮಜೀವಿಗಳು ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಹೆಚ್ಚು ಎಂಬ, ಇಂದಿಗೂ ಅಲ್ಲಲ್ಲಿ ಕೇಳಿಬರುವ ಮಾತು ಇದರಿಂದ ಬಿದ್ದುಹೋಯಿತು. ಇವುಗಳ ಒಟ್ಟು ತೂಕ ಸುಮಾರು 200 ಗ್ರಾಂ. ಬಹುಪಾಲು ವಾಸಿಸುವುದು ದೊಡ್ಡಕರುಳಿನಲ್ಲಿ.

ಹಣ್ಣಿನ ಸಕ್ಕರೆ ಸಣ್ಣಕರುಳಿನಲ್ಲಿಯೇ ರಕ್ತಕ್ಕೆ ಸೇರುತ್ತದೆ. ದೊಡ್ಡಕರುಳಿನವರೆಗೆ ಸಾಗುವುದು ನಾರಿನಂಶ. ಅದರಲ್ಲಿ ಪೆಕ್ಟಿನ್ ಮುಖ್ಯವಾದುದು. ಪೇರಳೆಯ ಜಾಮ್ ಗಟ್ಟಿಯಾಗುವುದು ಅದರಿಂದಲೇ. ಇದನ್ನು ಒಡೆಯಬಲ್ಲ ಕಿಣ್ವ ಮನುಷ್ಯರಲ್ಲಿ ಇಲ್ಲ, ಬ್ಯಾಕ್ಟೀರಿಯಾಗಳಲ್ಲಿ ಇದೆ. ದೋಸೆಹಿಟ್ಟು ಹುಳಿಯುವಂತೆಯೇ ಅವು ನಾರನ್ನು ಹುಳಿಯಿಸಿ ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಉತ್ಪಾದಿಸುತ್ತವೆ. ದೊಡ್ಡಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಇಂಧನ ರಕ್ತದ ಸಕ್ಕರೆಯಲ್ಲ, ಈ ಬ್ಯುಟಿರೇಟ್. ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುವುದಕ್ಕೂ ಈ ಆಮ್ಲಗಳು ನೆರವಾಗುತ್ತವೆ. ಅವುಗಳಿಂದ ಕರುಳಿನ ಒಳಗು ಸ್ವಲ್ಪ ಹುಳಿಯಾಗುವುದರಿಂದ ರೋಗಕಾರಕಗಳಲ್ಲಿ ಕೆಲವಕ್ಕೆ ಅಲ್ಲಿ ಬೆಳೆಯುವುದು ಕಷ್ಟವಾಗುತ್ತದೆ.

ನೀರು ಹೀರುವ ಈ ಕೆಲಸ ಎಷ್ಟು ಮಹತ್ವದ್ದೆಂಬುದಕ್ಕೆ ಢಾಕಾ ನಗರದ ಅತಿಸಾರ ಸಂಶೋಧನಾ ಕೇಂದ್ರದಲ್ಲಿ ನಡೆದ ಪ್ರಯೋಗವೊಂದು ಸಾಕ್ಷಿ. 2001ರಲ್ಲಿ ಅದರ ವರದಿ ಪ್ರಕಟವಾಯಿತು. 5ರಿಂದ 12 ತಿಂಗಳ ವಯಸ್ಸಿನ 62 ಗಂಡುಮಕ್ಕಳು, ಎಲ್ಲರಿಗೂ ಎರಡು ವಾರ ದಾಟಿದರೂ ನಿಲ್ಲದ ಭೇದಿ. ಒಂದು ಗುಂಪಿಗೆ ಅಕ್ಕಿಯ ಆಹಾರದೊಡನೆ ಬೇಯಿಸಿದ ಬಾಳೆಕಾಯಿ, ಇನ್ನೊಂದಕ್ಕೆ ಪೆಕ್ಟಿನ್, ಮೂರನೆಯದಕ್ಕೆ ಅಕ್ಕಿಯ ಆಹಾರ ಮಾತ್ರ. ಮೂರನೆಯ ದಿನದ ಹೊತ್ತಿಗೆ ಬಾಳೆಕಾಯಿ ತಿಂದವರಲ್ಲಿ ಶೇ. 59, ಪೆಕ್ಟಿನ್ ಪಡೆದವರಲ್ಲಿ ಶೇ. 55 ಮಕ್ಕಳು ಗುಣಮುಖರಾಗಿದ್ದರು. ಬರಿಯ ಅಕ್ಕಿಯ ಆಹಾರದ ಗುಂಪಿನಲ್ಲಿ ಈ ಪ್ರಮಾಣ ಶೇ. 15 ಮಾತ್ರ.

ಬಾಳೆಕಾಯಿಯ ಪಿಷ್ಟದ ಬಹುಭಾಗ ಸಣ್ಣಕರುಳಿನ ಕಿಣ್ವಗಳಿಗೆ ಬಗ್ಗದೆ ನೇರವಾಗಿ ದೊಡ್ಡಕರುಳನ್ನು ತಲುಪುತ್ತದೆ. ಅಲ್ಲಿ ಅದು ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ, ಅವುಗಳಿಂದ ಆಮ್ಲ, ಆಮ್ಲದಿಂದ ಉಪ್ಪು–ನೀರುಗಳ ಹೀರಿಕೆ. ಕಾಯಿ ಹಣ್ಣಾದಂತೆ ಆ ಪಿಷ್ಟ ಸಕ್ಕರೆಯಾಗುತ್ತದೆ; ಹಾಗಾಗಿ ಈ ಒಂದು ವಿಷಯದಲ್ಲಿ ಹಣ್ಣಿಗಿಂತ ಕಾಯಿ ಮುಂದು. ಕೇರಳದಲ್ಲಿ ಒಣಗಿಸಿದ ಬಾಳೆಕಾಯಿಯ ಹುಡಿಯಿಂದ ಹಸುಳೆಗಳಿಗೆ ಗಂಜಿ ಮಾಡಿ ಉಣಿಸುವ ಪದ್ಧತಿಯನ್ನು ಕಾಸರಗೋಡು, ವಯನಾಡುಗಳ ನಮ್ಮ ಮನೆಗಳೂ ಬಲ್ಲವು. ಹಳೆಯದೆಲ್ಲವೂ ವೈಜ್ಞಾನಿಕವೆಂದು ಸಾಧಿಸುವ ಹಟ ನಮಗಿಲ್ಲ, ಆದರೆ ಈ ಪದ್ಧತಿಯ ಹಿಂದೆ ತಿರುಳಿದೆ. ಇದರಿಂದ ಯಾರೂ ತಪ್ಪು ಅರ್ಥ ಮಾಡಿಕೊಳ್ಳಬಾರದು: ಭೇದಿಯಾದ ಮಗುವಿಗೆ ಮೊದಲು ಬೇಕಾದುದು ಓಆರ್‌ಎಸ್ ದ್ರಾವಣ, ವೈದ್ಯರು ಹೇಳಿದ ಸತುವಿನ ಮಾತ್ರೆ. ಬಾಳೆಕಾಯಿ ಅವುಗಳ ಜೊತೆಗಿನ ಆಹಾರವೇ ಹೊರತು ಬದಲಿಯಲ್ಲ. ಆರು ತಿಂಗಳು ತುಂಬದ ಕೂಸಿಗೆ ಮನೆಯಲ್ಲಿ ನಾವಾಗಿಯೇ ತಾಯಿಯ ಹಾಲಲ್ಲದೆ ಬೇರೇನನ್ನೂ ಕೊಡತಕ್ಕದ್ದಲ್ಲ.

ನಾರು ದೊರೆಯದಿದ್ದರೆ ಈ ಜೀವಿಗಳು ಸುಮ್ಮನೆ ಉಪವಾಸ ಬೀಳುವುದಿಲ್ಲ. ಮಾನವನ ಕರುಳಿನ ಬ್ಯಾಕ್ಟೀರಿಯಾಗಳನ್ನು ಇಲಿಗಳಲ್ಲಿ ನೆಲೆಗೊಳಿಸಿ, ನಾರಿಲ್ಲದ ಆಹಾರವನ್ನು ಕೊಟ್ಟು ನೋಡಿದ ಪ್ರಯೋಗವೊಂದು 2016ರಲ್ಲಿ ಪ್ರಕಟವಾಯಿತು. ಹಸಿದ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗಿದವು. ಪದರ ತೆಳುವಾದ ಮೇಲೆ ರೋಗಾಣುಗಳಿಗೆ ದಾರಿ ಸುಲಭವಾಯಿತು. ಇಲಿಯಲ್ಲಿ ಕಂಡುದೆಲ್ಲವೂ ಮನುಷ್ಯನಲ್ಲಿ ಹಾಗೆಯೇ ನಡೆಯುತ್ತದೆಂದಲ್ಲ. ಆದರೂ ಬಿಸ್ಕತ್ತು, ಚಿಪ್ಸ್‌ಗಳೇ ಮಕ್ಕಳ ಬುತ್ತಿಯಾಗುತ್ತಿರುವ ಈ ಕಾಲದಲ್ಲಿ ಅದನ್ನು ಅಲಕ್ಷಿಸುವಂತಿಲ್ಲ.

ಹಾಗಾದರೆ ಎಷ್ಟು ಹಣ್ಣು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಮಾದರಿ ಊಟದಲ್ಲಿ ದಿನಕ್ಕೆ 100 ಗ್ರಾಂ ಹಣ್ಣಿದೆ, ಅಂದರೆ ಮಧ್ಯಮ ಗಾತ್ರದ ಒಂದು ಪೇರಳೆ. ದುಬಾರಿ ಸೇಬೇ ಬೇಕೆಂದಿಲ್ಲ. ನಾರಿನಂಶದಲ್ಲಿ ಪೇರಳೆ ಸೇಬಿಗಿಂತ ಬಹಳ ಮುಂದಿದೆ. ಒಂದೊಂದು ಬಗೆಯ ನಾರಿಗೆ ಒಂದೊಂದು ಬಗೆಯ ಬ್ಯಾಕ್ಟೀರಿಯಾ ಇರುವುದರಿಂದ ಹಣ್ಣುಗಳನ್ನು ಬದಲಾಯಿಸುತ್ತಾ ತಿನ್ನುವುದು ಲೇಸು. ಕಾಸರಗೋಡಿಗೆ ಹಲಸಿದೆ, ಹೊಸೂರಿನ ಸೀಮೆಗೆ ಮಾವಿದೆ, ಸೊಲ್ಲಾಪುರಕ್ಕೆ ದಾಳಿಂಬೆಯಿದೆ. ದಾಳಿಂಬೆಯದು ಇನ್ನೊಂದು ವಿಶೇಷ: ಅದರ ಒಗರು ಪದಾರ್ಥಗಳನ್ನು ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಯುರೊಲಿಥಿನ್ ಎಂಬ ಹೊಸ ವಸ್ತುಗಳಾಗಿ ಮಾರ್ಪಡಿಸುತ್ತವೆ. ಆ ಬ್ಯಾಕ್ಟೀರಿಯಾಗಳು ಎಲ್ಲರಲ್ಲಿಯೂ ಇರುವುದಿಲ್ಲವಾದ್ದರಿಂದ ಒಂದೇ ಹಣ್ಣು ಇಬ್ಬರಿಗೆ ಒಂದೇ ಫಲ ಕೊಡುವುದಿಲ್ಲ.

ಆಹಾರ ಬದಲಾದರೆ ಕೆಲವೇ ದಿನಗಳಲ್ಲಿ ಈ ಜೀವಿಗಳ ಪ್ರಮಾಣ ಬದಲಾಗುತ್ತದೆಂದು 2014ರ ಅಧ್ಯಯನವೊಂದು ತೋರಿಸಿದೆ. ಹಳೆಯ ಆಹಾರಕ್ಕೆ ಮರಳಿದರೆ ಅವೂ ಅಷ್ಟೇ ಬೇಗ ಮರಳುತ್ತವೆ. ಹಬ್ಬದ ದಿನ ಐದು ಬಗೆಯ ಹಣ್ಣು, ಉಳಿದ ದಿನ ಒಂದೂ ಇಲ್ಲ ಎಂಬ ರೂಢಿ ಈ ಕಾರಣದಿಂದ ನಿಷ್ಪ್ರಯೋಜಕ.

ಹಣ್ಣಿನ ರಸದ ವಿಷಯದಲ್ಲಿ ನಾವು ಸ್ವಲ್ಪ ಕಟುವಾಗಿಯೇ ಹೇಳಬಯಸುತ್ತೇವೆ. ಸೋಸಿದಾಗ ನಾರು ಜರಡಿಯಲ್ಲಿ ಉಳಿಯುತ್ತದೆ, ಸಕ್ಕರೆ ಲೋಟಕ್ಕೆ ಇಳಿಯುತ್ತದೆ. ದೊಡ್ಡಕರುಳಿಗೆ ತಲುಪುವುದು ಅತ್ಯಲ್ಪ. ಅಂಗಡಿಯ ಪೊಟ್ಟಣಗಳಲ್ಲಿ ಹಣ್ಣಿನ ಚಿತ್ರ ದೊಡ್ಡದು, ಹಣ್ಣಿನ ಪ್ರಮಾಣವನ್ನು ತಿಳಿಸುವ ಅಕ್ಷರ ಚಿಕ್ಕದು. ಆ ಅಕ್ಷರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕೆಂಬುದಷ್ಟೇ ನಿಯಮ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ತಾಯಂದಿರು ಅದನ್ನು ಓದಿ ನಿರ್ಧರಿಸಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಇಂಗ್ಲಿಷ್ ಓದಬಲ್ಲ ಮಕ್ಕಳೇ ಅಂಗಡಿಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳಲಿ.

ಇದುವರೆಗೆ ಹಣ್ಣು ತಿನ್ನದಿದ್ದ ಮಗು ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಬಹುದು. ನಾರು ಹುಳಿಯುವಾಗ ಗಾಳಿಯೂ ಹುಟ್ಟುತ್ತದೆ. ಹಲಸಿನ ಹಣ್ಣನ್ನು ಮಿತಿಮೀರಿ ತಿಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ವಾರ ಅರ್ಧ ಪೇರಳೆ, ಅನಂತರ ಒಂದು, ಜೊತೆಗೆ ಸಾಕಷ್ಟು ನೀರು, ಹೀಗೆ ನಿಧಾನವಾಗಿ ಹೆಚ್ಚಿಸಿದರೆ ಕರುಳು ಹೊಂದಿಕೊಳ್ಳುತ್ತದೆ. ಮನೆಯಲ್ಲಿ ಮಧುಮೇಹವುಳ್ಳ ಹಿರಿಯರಿದ್ದರೆ ಅವರಿಗೆ ಯಾವ ಹಣ್ಣು, ಎಷ್ಟು ಎಂಬುದನ್ನು ವೈದ್ಯರನ್ನೇ ಕೇಳಬೇಕು.