ತಂದೆಯೂ ಹೌದು, ದಂಡನಾಯಕನೂ ಹೌದು

ಮಕ್ಕಳೇ, ಜನವರಿ 15ರ ಸೇನಾ ದಿನದ ಕವಾಯತನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. 1949ರ ಆ ದಿನ ನಮ್ಮ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಕೊಡಗಿನ ಕೆ. ಎಂ. ಕಾರ್ಯಪ್ಪನವರು.

1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಪೈಲಟ್ ನಂದಾ ಕಾರ್ಯಪ್ಪ, ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹಳೆಯ ವಿಶ್ವಾಸದಿಂದ ಮಗನನ್ನು ಬಿಟ್ಟುಬಿಡುವುದಾಗಿ ತಿಳಿಸಿದರು. ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವವರೆಲ್ಲ ತಮ್ಮ ಮಕ್ಕಳೇ ಎಂದುಬಿಟ್ಟರು. ನಾನೂ ಮಕ್ಕಳನ್ನು ಹೆತ್ತವಳು. ಆ ಮಾತಿನ ಭಾರ ಬಲ್ಲೆ. ಮಗ 1966ರಲ್ಲಿ ಮರಳಿ ಬಂದರು.

1986ರಲ್ಲಿ ಫೀಲ್ಡ್ ಮಾರ್ಷಲ್ ಆದ ಈ ಹಿರಿಯರು 1993ರಲ್ಲಿ, 94ರ ತುಂಬು ವಯಸ್ಸಿನಲ್ಲಿ ತೀರಿಕೊಂಡರು.

ನಾಳೆ ನಿಮಗೂ ದೊಡ್ಡವರ ವಶೀಲಿ ಒದಗೀತು. ಆಗ ಸಾಲಿನಲ್ಲಿ ನಿಂತ ಉಳಿದವರನ್ನು ಒಮ್ಮೆ ತಿರುಗಿ ನೋಡಿ.