ನಿಮಗಿದು ಗೊತ್ತೇ? ನೆಟ್ಟಗಾದ ಕೂದಲು, ಬೋರಿನ ನೀರು

● ಕೂದಲು ನೆಟ್ಟಗೆ ಮಾಡುವ ಕ್ರೀಮಿಗೆ ಹೊಲಿಗೆ ಯಂತ್ರದ ನಂಟಿದೆ! 1909ರ ಸುಮಾರಿಗೆ ಅಮೆರಿಕದ ಗ್ಯಾರೆಟ್ ಮಾರ್ಗನ್, ಸೂಜಿಯ ಬಿಸಿಗೆ ಉಣ್ಣೆ ಬಟ್ಟೆ ಸುಡದಿರಲೆಂದು ದ್ರಾವಣವೊಂದನ್ನು ಕಲಸುತ್ತಿದ್ದ. ಕೈ ಒರೆಸಿದ ಬಟ್ಟೆಯ ಎಳೆಗಳು ನೆಟ್ಟಗಾದವಂತೆ. ಮೊದಲ ಪ್ರಯೋಗ ನೆರೆಮನೆಯ ನಾಯಿಯ ಮೇಲೆ ಎನ್ನುತ್ತಾರೆ. ಟ್ರಾಫಿಕ್ ಸಿಗ್ನಲ್‌ಗೆ 1923ರಲ್ಲಿ ಪೇಟೆಂಟ್ ಪಡೆದವನೂ ಇವನೇ.

● ಕೂದಲು ನೆಟ್ಟಗೆ ಮಾಡುವ ಕ್ರೀಮು, ಅಂದರೆ ರಿಲ್ಯಾಕ್ಸರ್, ಕೂದಲೊಳಗಿನ ಗಂಧಕದ ಬಂಧಗಳನ್ನು ಮುರಿಯುತ್ತದೆ. ನೆಟ್ಟಗಾದ ಭಾಗ ಮತ್ತೆ ಗುಂಗುರಾಗದು. ಬುಡದಿಂದ ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬರುವ ಹೊಸ ಕೂದಲು ಮಾತ್ರ ಹುಟ್ಟುಗುಣದ್ದೇ. ಹಾಗಾಗಿ 8ರಿಂದ 12 ವಾರಕ್ಕೊಮ್ಮೆ ಟಚಪ್ ಬುಡಕ್ಕಷ್ಟೇ ಸಾಕು. ‘ಹೇಗೂ ಬಂದಿದ್ದೀರಿ, ಪೂರ್ತಿ ಹಚ್ಚಿಬಿಡೋಣ್ರಿ’ ಎಂದು ಪಾರ್ಲರಿನವರು ಹೇಳಿದರೆ ಬೇಡವೆನ್ನಿ. ಹಳತು ಹೊಸತು ಕೂಡುವ ಜಾಗವೇ ಮೊದಲು ತುಂಡಾಗುವುದು.

● ಮರೋಳ ಎಂದರೆ 24,000 ಹೆಕ್ಟೇರಿಗೆಂದು ರೂಪಿಸಿದ ಹನಿ ನೀರಾವರಿ ಯೋಜನೆ. ಗಡಸು ನೀರಿನ ಸುಣ್ಣ ಕಟ್ಟಿ ಡ್ರಿಪ್ಪರ್ ಮುಚ್ಚಿಕೊಂಡರೆ ರೈತರು ಪೈಪಿನಲ್ಲಿ ಆಸಿಡ್ ಬಿಡುತ್ತಾರಲ್ಲ, ತಲೆಯ ಕಥೆಯೂ ಅದೇ. ಬೋರಿನ ನೀರಿನ ಕ್ಯಾಲ್ಸಿಯಂ ಕೂದಲಿಗೆ ಅಂಟಿ ಒರಟಾಗಿಸುತ್ತದೆ. ಸೋಪು ಹಾಕಿದರೆ ಇನ್ನಷ್ಟು ಜಿಡ್ಡು. ಕೊನೆಯ ತಂಬಿಗೆ ನೀರಿಗೆ ಒಂದು ಚಮಚ ನಿಂಬೆರಸ ಬೆರೆಸಿ ಸುರಿದುಕೊಳ್ಳಿ, ನೆತ್ತಿಯಲ್ಲಿ ಗಾಯವಿಲ್ಲದಿದ್ದರೆ. ಅಂಟವಾಳಕಾಯಿಯ ನೊರೆ ಗಡಸು ನೀರಿನಲ್ಲೂ ಸೋಪಿನಂತೆ ಒಡೆದು ಜಿಡ್ಡಾಗುವುದಿಲ್ಲ. ಅಜ್ಜಿಯಂದಿರು ಸುಮ್ಮನೆ ಅದನ್ನು ಕುದಿಸುತ್ತಿರಲಿಲ್ಲ.

● ಒದ್ದೆ ಕೂದಲು ಎಳೆದರೆ ಸುಮಾರು ಶೇ. 30ರಷ್ಟು ಹಿಗ್ಗುತ್ತದೆ, ಸ್ಟ್ರೇಟ್ ಮಾಡಿಸಿದ್ದು ಇನ್ನೂ ಬೇಗ ಹರಿಯುತ್ತದೆ. ಅಗಲ ಹಲ್ಲಿನ ಹಣಿಗೆ ಹಿಡಿದು ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ.

● ಕೊಬ್ಬರಿ ಎಣ್ಣೆಯೋ, ಸೂರ್ಯಕಾಂತಿಯೋ? 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದರಲ್ಲಿ ಕೂದಲಿನ ಪ್ರೋಟೀನ್ ನಷ್ಟ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಸೂರ್ಯಕಾಂತಿ, ಮಿನರಲ್ ಆಯಿಲ್ ಎರಡೂ ಸೋತವು. ಹಚ್ಚಬೇಕಾದ್ದು ತಲೆ ತೊಳೆಯುವ ಮುಂಚೆ.

● ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೇ ಎಳೆಗೆಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲು ಹರಿದು ಮೂಲೆಗೆ ಬಿದ್ದ ಸೀರೆ ಮನೆಯಲ್ಲಿದ್ದರೆ ಆ ಕೆಂಪು ಸೆರಗನ್ನು ದಿಂಬಿಗೆ ಸುತ್ತಿ. ಕೂದಲಿಗೆ ಹತ್ತಿಯ ಗವಸಿಗಿಂತ ಉಜ್ಜಾಟ ಕಡಿಮೆ. ತಲೆ ಒಣಗಿರಲಿ, ಇಲ್ಲವಾದರೆ ಬಣ್ಣ ಬಿಟ್ಟೀತು!

● ಟಚಪ್‌ಗೆ ಮುನ್ನ ಒಂದೆರಡು ದಿನ ತಲೆ ತೊಳೆಯಬೇಡಿ, ತುರಿಸಬೇಡಿ. ನೆತ್ತಿಯ ಸಹಜ ಜಿಡ್ಡೇ ಅಲ್ಲಿ ಕವಚ. ‘ಕಪ್ಪು ಮೆಹಂದಿ’ ಹಚ್ಚಿದ್ದರೆ ಪಾರ್ಲರಿನವರಿಗೆ ಮುಚ್ಚಿಡಬೇಡಿ. ಅದರಲ್ಲಿ ಲೋಹದ ಲವಣಗಳಿದ್ದರೆ ಕ್ರೀಮಿನ ಜೊತೆ ಸೇರಿ ಕೂದಲೇ ಕೈಗೆ ಬರಬಹುದು.

● ‘ಕೆರಾಟಿನ್’ ಹೆಸರಿನ ಕೆಲವು ಸ್ಮೂದನಿಂಗ್ ದ್ರಾವಣಗಳಿಗೆ ಇಸ್ತ್ರಿಯ ಬಿಸಿ ತಾಗಿದರೆ ಫಾರ್ಮಾಲ್ಡಿಹೈಡ್ ಏಳುತ್ತದೆ. ಇದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ನಿರ್ಧರಿಸಿದೆ. ಕಣ್ಣು ಉರಿದರೆ ಕಿಟಕಿ ತೆರೆಯಿಸಿ, ಎದ್ದು ಬನ್ನಿ. ನೀವು ಕೂರುವುದು ಎರಡು ಮೂರು ತಾಸು. ಇಸ್ತ್ರಿ ಹಿಡಿದ ಹುಡುಗಿ ದಿನವಿಡೀ ಆ ಹೊಗೆಯಲ್ಲೇ ನಿಂತಿರುತ್ತಾಳೆ.