ಬೋಧನೆಗೆ ಬಂದ ಅತಿಥಿ, ಸಿಡುಬಿಗೆ ತಂದ ಲಸಿಕೆ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಚರ್ಚುಗಳಿಗೆ ಪರವೂರಿನ ಬೋಧಕರು ಬರುತ್ತಾರೆಂದರೆ ಅದೊಂದು ಸಣ್ಣ ಹಬ್ಬವೇ ಸರಿ. ಗುಂಡ್ಲುಪೇಟೆಯಂತೂ ಮೂರು ರಾಜ್ಯಗಳ ದಾರಿ ಕೂಡುವ ಊರು. ಊಟಿಯ ಕಡೆಯಿಂದ ತಮಿಳಿನವರು ಬರಬಹುದು, ಸುಲ್ತಾನ್ ಬತ್ತೇರಿಯ ಕಡೆಯಿಂದ ಮಲಯಾಳದವರು ಬರಬಹುದು. ಆಗ ಪಕ್ಕದಲ್ಲಿ ನಿಂತು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುವವರೊಬ್ಬರು ಬೇಕು. ಹಾರ, ಶಾಲು, ಆರಾಧನೆಯಾದ ಮೇಲೆ ಯಾರದಾದರೂ ಮನೆಯಲ್ಲಿ ಊಟ. ಸಂಜೆಯ ಬಸ್ಸಿಗೆ ಅತಿಥಿಯನ್ನು ಹತ್ತಿಸಿದರೆ ಆತಿಥ್ಯ ಮುಗಿಯಿತು.

ಇನ್ನೂರು ವರ್ಷಗಳ ಹಿಂದೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ತಿರುಗಿದ ಒಬ್ಬ ಬೋಧಕರ ವಿಷಯದಲ್ಲಿ ಅದು ಅಷ್ಟು ಬೇಗ ಮುಗಿಯುವಂತಿರಲಿಲ್ಲ. ಅವರು ತಂದಿದ್ದ ಒಂದು ವಸ್ತು ಊರಲ್ಲಿ ಉಳಿಯಬೇಕಾದರೆ ಎಂಟನೆಯ ದಿನ ಆ ಊರಿನ ಮಗುವಿನ ತೋಳು ಬೇಕಾಗಿತ್ತು. ಆ ವಸ್ತು ಸಿಡುಬಿನ ಲಸಿಕೆ. ಅವರ ಹೆಸರು ಅಬ್ಬೆ ದುಬ್ವಾ.

‘ಅಬ್ಬೆ’ ಎಂದರೆ ಕನ್ನಡದಲ್ಲಿ ತಾಯಿ. ಫ್ರೆಂಚರಲ್ಲಿ ಅದು ಪಾದ್ರಿಗೆ ಸಲ್ಲುವ ಗೌರವದ ಮಾತು; ಅದರ ಬೇರನ್ನು ಹುಡುಕುತ್ತ ಹೋದರೆ ‘ಅಪ್ಪ’ ಎಂಬ ಅರ್ಥಕ್ಕೆ ಮುಟ್ಟುತ್ತೇವೆ! ಈ ಫ್ರೆಂಚ್ ಪಾದ್ರಿ ಭಾರತಕ್ಕೆ ಬಂದದ್ದು 1792ರಲ್ಲಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸುವ ಕೆಲಸಕ್ಕೆ ನಿಂತರು. ಇಲ್ಲಿಯವರಂತೆಯೇ ಉಟ್ಟರು, ಇಲ್ಲಿಯವರಂತೆಯೇ ಉಂಡರು, ಊರಿನ ಕಟ್ಟುಪಾಡುಗಳಿಗೆ ಆದಷ್ಟು ಹೊಂದಿಕೊಂಡು ನಡೆದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಬರಿಯ ಬೋಧನೆಗಾದರೆ ಇಷ್ಟು ವಿಶ್ವಾಸ ಸಾಕಾಗಿತ್ತೇನೋ. ಎಳೆಯ ಮಗುವಿನ ತೋಳನ್ನು ಗೀರಲು ಬಿಡುವಷ್ಟು ವಿಶ್ವಾಸ ಬೇರೆಯೇ.

ಅಂದಿನ ಸಿಡುಬು ಎಂಥದೆಂಬುದಕ್ಕೆ ಚಾಮರಾಜನಗರದ ಹೆಸರೇ ಸಾಕ್ಷಿ. ಅರಿಕುಠಾರ ಎಂದಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ಹೆಸರಿಟ್ಟರು. ಆ ತಂದೆ ಖಾಸಾ ಚಾಮರಾಜ ಒಡೆಯರು 1796ರ ಏಪ್ರಿಲ್ 17ರಂದು ಶ್ರೀರಂಗಪಟ್ಟಣದಲ್ಲಿ ತೀರಿಕೊಂಡದ್ದು ಸಿಡುಬಿನಿಂದ. ಆಗ ಅವರಿಗೆ 22 ವರ್ಷ. ಮಗನಿಗೆ ಇನ್ನೂ ಎರಡು ತುಂಬಿರಲಿಲ್ಲ. ಇದಾಗಿ ಸರಿಯಾಗಿ 27 ದಿನಕ್ಕೆ, ಮೇ 14ರಂದು, ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯ ಹಾಲು ಕರೆಯುವ ಹೆಂಗಸೊಬ್ಬಳ ಕೈಯ ಗುಳ್ಳೆಯಿಂದ ಗೋಸಿಡುಬಿನ ರಸ ತೆಗೆದು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ಸೇರಿಸಿದ. ಮುಂದೆ ಆ ಹುಡುಗನಿಗೆ ಸಿಡುಬು ತಗಲಲಿಲ್ಲ.

ಈ ರಸ ಇಂಗ್ಲೆಂಡಿನಿಂದ ನಮ್ಮ ಹಳ್ಳಿಗೆ ಬಂದ ಬಗೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆಗ ಶೀತಕ ಪೆಟ್ಟಿಗೆಯಿಲ್ಲ, ಮುಚ್ಚಿದ ಚುಚ್ಚುಮದ್ದಿನ ಸೀಸೆಯಿಲ್ಲ. ದಾರಕ್ಕೆ ಅದ್ದಿ ಒಣಗಿಸಿ ತಂದರೆ ನಮ್ಮ ಬಿಸಿಲಿಗೆ ಸತ್ವ ಕಳೆದುಕೊಳ್ಳುತ್ತಿತ್ತು. ಜೀವಂತ ದೇಹವೇ ಅದಕ್ಕೆ ಸೀಸೆ. ಒಂದು ಮಗುವಿನ ತೋಳಿಗೆ ಗೀರಿ ರಸ ಹಚ್ಚಿದರೆ ಕೆಲವು ದಿನಗಳಲ್ಲಿ ಅಲ್ಲಿ ಗುಳ್ಳೆ ಏಳುತ್ತದೆ. ಎಂಟನೆಯ ದಿನದ ಹೊತ್ತಿಗೆ ಅದರಲ್ಲಿ ತಿಳಿಯಾದ ರಸ ತುಂಬಿರುತ್ತದೆ. ಆ ರಸವನ್ನು ತೆಗೆದು ಮುಂದಿನ ಮಗುವಿಗೆ ಹಾಕಬೇಕು. ಇನ್ನೂ ಕೆಲವು ದಿನ ಬಿಟ್ಟರೆ ಅದು ಕೀವಾಗಿ ಕೆಲಸಕ್ಕೆ ಬಾರದು. ಹೀಗೆ ತೋಳಿಂದ ತೋಳಿಗೆ ದಾಟುತ್ತಲೇ ಲಸಿಕೆ ಬಸ್ರಾದ ದಾರಿಯಾಗಿ ಮುಂಬಯಿಗೆ ಬಂತು. 1802ರ ಜೂನ್ 14ರಂದು ಅಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು ಅದನ್ನು ಪಡೆಯಿತು. ಭಾರತದಲ್ಲಿ ಅದೇ ಮೊದಲು.

ಇದರಲ್ಲೊಂದು ಕಷ್ಟವಿತ್ತು. ಊರಿನ ಮಕ್ಕಳಿಗೆಲ್ಲ ಒಂದೇ ದಿನ ಹಾಕಿಬಿಟ್ಟರೆ ಎಂಟನೆಯ ದಿನಕ್ಕೆ ರಸ ಪಡೆಯಲು ಯಾರೂ ಉಳಿಯುವುದಿಲ್ಲ, ಸರಪಳಿ ಅಲ್ಲಿಗೇ ಕಡಿಯಿತು. ಹಾಕಿಸಿಕೊಂಡ ಮಗುವನ್ನು ತಾಯಿ ಮತ್ತೆ ಕರೆತರದಿದ್ದರೂ ಕಡಿಯಿತು. ಆ ತಾಯಿಯ ಅಂಜಿಕೆಯನ್ನೂ ತಿಳಿಯಬೇಕು. ಸಿಡುಬೆಂದರೆ ಅಮ್ಮನ ಮುನಿಸೆಂದು ನಂಬಿದ್ದ ಕಾಲ. ಬಂದವನು ಪರದೇಶದವನು. ಹಾಕುವ ರಸವೋ ಇನ್ಯಾವುದೋ ಜಾತಿಯ ಮಗುವಿನ ಮೈಯಿಂದ ತೆಗೆದದ್ದು. ಇದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ; ತೋಳಿಂದ ತೋಳಿಗೆ ಹಾಕುವಾಗ ಬೇರೆ ರೋಗಗಳೂ ದಾಟುತ್ತಿದ್ದುದು ನಿಜ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ವೈದ್ಯರೇ ಈ ಪದ್ಧತಿಯನ್ನು ಬಿಟ್ಟು ಕರುವಿನ ಮೈಯಲ್ಲಿ ಬೆಳೆಸಿದ ರಸಕ್ಕೆ ತಿರುಗಿದರು.

ಇಷ್ಟೆಲ್ಲ ಇದ್ದೂ 1803–04ರಲ್ಲಿ, ದುಬ್ವಾ ಮುಂದೆ ನಿಂತು ಒಪ್ಪಿಸಿದ ಈ ಕೆಲಸದಲ್ಲಿ, 25 ಸಾವಿರಕ್ಕೂ ಹೆಚ್ಚು ಜನ ಲಸಿಕೆ ಪಡೆದರು. ಅರಮನೆಯೂ ಹಿಂದೆ ಬೀಳಲಿಲ್ಲ. 1806ರಲ್ಲಿ ಬಾಲಕ ಮುಮ್ಮಡಿಯವರ ವಧು ದೇವಾಜಮ್ಮಣ್ಣಿಗೆ ಸಿಡುಬು ಬಂದಿಲ್ಲವೆಂದು ತಿಳಿದಾಗ ದಿವಾನ್ ಪೂರ್ಣಯ್ಯನವರು ಲಸಿಕೆ ಹಾಕಿಸಿದರು. ಅದನ್ನು ಪ್ರಜೆಗಳಿಗೆ ಸಾರಿಸಿದರು. ಮಾವನನ್ನು ಕೊಂದ ರೋಗ ಸೊಸೆಯ ಹತ್ತಿರ ಸುಳಿಯದಂತಾಯಿತು. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರಲ್ಲಿ ಮೈಸೂರಿನ ರಾಜಸ್ತ್ರೀಯರನ್ನು ಚಿತ್ರಿಸಿದ್ದ. ಸೆರಗು ಸರಿಸಿ ತೋಳು ತೋರುವ ಭಂಗಿ ಅದರಲ್ಲಿರುವುದರಿಂದ, ಅದು ಲಸಿಕೆಯ ಪ್ರಚಾರಕ್ಕೆ ಬರೆಸಿದ ಚಿತ್ರವೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ನಮ್ಮವರ ಉಡುಪಿನಲ್ಲಿರುವ ದುಬ್ವಾ ಅವರ ಚಿತ್ರವನ್ನು ಬರೆದವನೂ ಇದೇ ಹಿಕಿ.

ಅತಿಥಿಯನ್ನು ಹೊಗಳುವ ಭರದಲ್ಲಿ ಉಳಿದದ್ದನ್ನು ಮರೆಯಬಾರದು. ಹಿಂದೂ ಆಚಾರವಿಚಾರಗಳ ಬಗ್ಗೆ ದುಬ್ವಾ ಬರೆದು, 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕ ಜಗತ್ತಿನಲ್ಲೆಲ್ಲ ಹೆಸರು ಮಾಡಿತು. ಅನ್ನವಿಟ್ಟವರ ಬಗ್ಗೆ ಅದರಲ್ಲಿ ಕಟುವಾದ ಮಾತುಗಳು ಬೇಕಾದಷ್ಟಿವೆ. ಅದರ ಬಹುಭಾಗ ಕೂರ್ದೂ ಎಂಬ ಹಿಂದಿನ ಪಾದ್ರಿಯ ಹಸ್ತಪ್ರತಿಯಿಂದ ಬಂದದ್ದೆಂದು ಫ್ರಾನ್ಸಿನ ಸಿಲ್ವಿಯಾ ಮ್ಯೂರ್ ಎಂಬ ವಿದ್ವಾಂಸೆ ಇಪ್ಪತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟರು. ದುಬ್ವಾ 1823ರಲ್ಲಿ ಊರಿಗೆ ಮರಳಿದರು. ಭಾರತದಲ್ಲಿ ಮತಪ್ರಚಾರ ಫಲಿಸುವ ಕಾಲ ಮುಗಿಯಿತೆಂದು ಅದೇ ವರ್ಷ ಅಚ್ಚಾದ ತಮ್ಮ ಪತ್ರಗಳಲ್ಲಿ ಅವರೇ ಹೇಳಿಕೊಂಡಿದ್ದಾರೆ. ಬೋಧಕರಾಗಿ ಬಂದವರು ಬೋಧನೆಯಲ್ಲಿ ಸೋತೆನೆಂದರು, ಪಾಪ. ಲಸಿಕೆಯ ಲೆಕ್ಕ ಮಾತ್ರ ಉಳಿಯಿತು.

ಭಾರತದಲ್ಲಿ ಕೊನೆಯ ಸಿಡುಬು ಕಾಣಿಸಿದ್ದು 1975ರ ಮೇ ತಿಂಗಳಲ್ಲಿ. 1980ರಲ್ಲಿ ಜಗತ್ತಿನಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಮ್ಮ ಕಡೆ ಹಳಬರು ಈ ಲಸಿಕೆಯನ್ನು ‘ಮೈಲಿ ಹಾಕುವುದು’ ಎನ್ನುತ್ತಿದ್ದರು. ಚಾಮರಾಜನಗರದಲ್ಲಿ ಖಾಸಾ ಚಾಮರಾಜ ಒಡೆಯರ ಜನನ ಮಂಟಪ ನೋಡಲು ಹೋಗುವ ಮಕ್ಕಳು ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಮೈಲಿ ಹಾಕಿಸಿಕೊಂಡ ಗುಂಡನೆಯ ಕಲೆ ಎಲ್ಲಿದೆ ಎಂದು ಕೇಳಿ ನೋಡಿ. ಅಪ್ಪ ಅಮ್ಮಂದಿರ ಎಡತೋಳಿನಲ್ಲಿಯೂ ಒಂದು ಕಲೆ ಇರಬಹುದು; ಆದರೆ ಅದು ಕ್ಷಯದ ಬಿಸಿಜಿ ಲಸಿಕೆಯದಾಗಿರಲೂ ಸಾಕು.